ನಿಂತ ಗಾಡಿಯ ಲೆಕ್ಕ

ಓಡುವ ವಾಹನದ ವಿಷಯವಾಗಿ ಭೌತವಿಜ್ಞಾನದ ಪುಸ್ತಕಗಳು ಹೇಳುವುದು ಬಹಳ. ಅದರ ವೇಗ, ವೇಗೋತ್ಕರ್ಷ, ಘರ್ಷಣೆ, ಚಲನಶಕ್ತಿ ಇವನ್ನೆಲ್ಲ ವಿದ್ಯಾರ್ಥಿಗಳು ಲೆಕ್ಕ ಮಾಡಿ ಕಲಿಯುತ್ತಾರೆ. ನಿಂತ ವಾಹನದ ವಿಷಯದಲ್ಲಿ ಪುಸ್ತಕಗಳಿಗೆ ಅಷ್ಟು ಆಸಕ್ತಿಯಿಲ್ಲ. ಆದರೆ ಮೋಟಾರು ಗಾಡಿಯೊಂದು ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುವುದು ನಿಂತುಕೊಂಡೇ. ದಿನಕ್ಕೆ ಒಂದು ಗಂಟೆ ಓಡುವ ಕಾರು ಉಳಿದ ಇಪ್ಪತ್ತಮೂರು ಗಂಟೆಗಳ ಕಾಲ ಎಲ್ಲಿಯೋ ಒಂದೆಡೆ ನೆಲವನ್ನು ಆಕ್ರಮಿಸಿಕೊಂಡಿರುತ್ತದೆ. ಆ ನೆಲ ಊರಿನ ನಡುವೆ ಇದ್ದರೆ ಅದು ವಿರಳವಾದ ವಸ್ತು. ವಿರಳವಾದ ವಸ್ತುವನ್ನು ಹಂಚಬೇಕಾದರೆ ಲೆಕ್ಕ ಬೇಕು.

ಈ ಲೆಕ್ಕವನ್ನು ಬರೆಯುವವರು ಯಾರು, ಬರೆಯುವ ಭಾಷೆ ಯಾವುದು, ಅದನ್ನು ಓದುವ ಹಕ್ಕು ಯಾರಿಗೆ? ಬ್ರಿಟನ್ ದೇಶವು ಈ ಮೂರು ಪ್ರಶ್ನೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಉತ್ತರವನ್ನು ಹುಡುಕಿಕೊಂಡಿದೆ. ‘ರಾಷ್ಟ್ರೀಯ ಪಾರ್ಕಿಂಗ್ ವೇದಿಕೆ’ ಎಂದು ಅದರ ಹೆಸರು. ಬರಿಗಣ್ಣಿಗೆ ಕಾಣದ ಈ ಸಾರ್ವಜನಿಕ ಯಂತ್ರದ ತತ್ತ್ವವನ್ನು ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಕಂಬದ ಮೇಲಿನ ಗಡಿಯಾರ

ಮೊದಲು ಕಣ್ಣಿಗೆ ಕಾಣುತ್ತಿದ್ದ ಯಂತ್ರದಿಂದ ಆರಂಭಿಸೋಣ. ಅಮೆರಿಕದ ಒಕ್ಲಹೋಮ ನಗರದಲ್ಲಿ 1935ನೆಯ ಇಸವಿ ಜುಲೈ 16ರಂದು ಜಗತ್ತಿನ ಮೊದಲನೆಯ ಪಾರ್ಕಿಂಗ್ ಮೀಟರು ಕೆಲಸಕ್ಕೆ ತೊಡಗಿತು. ಪತ್ರಿಕಾ ಸಂಪಾದಕರಾಗಿದ್ದ ಕಾರ್ಲ್ ಮಗೀ ಎಂಬವರು ಈ ಯೋಜನೆಯ ಪ್ರವರ್ತಕರು. ಯಂತ್ರವನ್ನು ರೂಪಿಸಿಕೊಟ್ಟವರು ಆ ರಾಜ್ಯದ ಕೃಷಿ ಮತ್ತು ಯಂತ್ರಶಾಸ್ತ್ರ ಕಾಲೇಜಿನ ಅಧ್ಯಾಪಕ ಹೋಲ್ಗರ್ ಥೂಸೆನ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಜೆರಾಲ್ಡ್ ಹೇಲ್. ಐದು ಸೆಂಟಿನ ನಾಣ್ಯವೊಂದನ್ನು ಹಾಕಿದರೆ ಒಂದು ಗಂಟೆಯ ಕಾಲ ಗಾಡಿಯನ್ನು ನಿಲ್ಲಿಸಬಹುದಾಗಿತ್ತು. ಬ್ರಿಟನ್ನಿಗೆ ಇಂಥ ಮೀಟರು ಬಂದದ್ದು 1958ರ ಜುಲೈ ತಿಂಗಳಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಭಾಗದಲ್ಲಿ.

ಈ ಸರಳ ಯಂತ್ರದೊಳಗೆ ಮೂರು ಕೆಲಸಗಳು ಒಟ್ಟಾಗಿ ನಡೆಯುತ್ತಿದ್ದುವು. ಕಂಬವು ನೆಟ್ಟಿರುವ ಜಾಗವೇ ಸ್ಥಳವನ್ನು ಸೂಚಿಸುತ್ತಿತ್ತು. ಒಳಗಿನ ಸುರುಳಿಯ ಗಡಿಯಾರವು ಕಾಲವನ್ನು ಅಳೆಯುತ್ತಿತ್ತು. ಕೆಳಗಿನ ಪೆಟ್ಟಿಗೆ ಹಣವನ್ನು ಕೂಡಿಡುತ್ತಿತ್ತು. ಇವಲ್ಲದೆ ನಾಲ್ಕನೆಯದೊಂದು ಕೆಲಸವೂ ಇತ್ತು. ಅದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವಧಿ ಮುಗಿದೊಡನೆ ಮೀಟರಿನ ಗಾಜಿನ ಹಿಂದೆ ಒಂದು ಪುಟ್ಟ ಬಾವುಟ ಕಾಣಿಸಿಕೊಳ್ಳುತ್ತಿತ್ತು. ಅದನ್ನು ಗಾಡಿಯ ಒಡೆಯನೂ ನೋಡಬಹುದು, ದಂಡ ಹಾಕಲು ಬಂದ ಪೊಲೀಸನೂ ನೋಡಬಹುದು, ದಾರಿಹೋಕನೂ ನೋಡಬಹುದು. ಎಂದರೆ ಮೀಟರು ಇಬ್ಬರ ನಡುವಣ ವ್ಯವಹಾರಕ್ಕೆ ಎಲ್ಲರೆದುರು ನಿಂತ ಸಾಕ್ಷಿಯಾಗಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕೊನೆಯಲ್ಲಿ ಇದಕ್ಕೆ ಹಿಂದಿರುಗುವೆವು.

ಬೀದಿಗೊಂದು ಆ್ಯಪು

ಮೊಬೈಲ್ ಫೋನು ಬಂದ ಬಳಿಕ ಕಂಬದೊಳಗಿನ ಮೂರು ಕೆಲಸಗಳು ಬೇರೆ ಬೇರೆಯಾದುವು. ಸ್ಥಳಕ್ಕೊಂದು ಸಂಖ್ಯೆಯನ್ನು ಕೊಟ್ಟು ಅದನ್ನು ಫಲಕದ ಮೇಲೆ ಬರೆದುದಾಯಿತು. ಕಾಲವನ್ನು ದೂರದಲ್ಲಿರುವ ಗಣಕವು ಅಳೆಯಿತು. ಹಣವು ಬ್ಯಾಂಕಿನ ಖಾತೆಯಿಂದ ಹರಿಯಿತು. ಕಾಗದದ ಚೀಟಿ ಅನಾವಶ್ಯಕವಾಗಿ, ಗಾಡಿಯ ನೋಂದಣಿ ಸಂಖ್ಯೆಯೇ ಚೀಟಿಯ ಸ್ಥಾನವನ್ನು ಪಡೆಯಿತು.

ಇದರಿಂದ ಅನುಕೂಲವೇನೋ ಆಯಿತು. ಜೊತೆಗೆ ಒಂದು ತೊಡಕೂ ಹುಟ್ಟಿತು. ನಾಣ್ಯವೆಂಬುದು ದೇಶಕ್ಕೆಲ್ಲ ಒಂದೇ. ಮ್ಯಾಂಚೆಸ್ಟರಿನಲ್ಲಿ ನಡೆಯುವ ನಾಣ್ಯ ಆಕ್ಸ್‌ಫರ್ಡಿನಲ್ಲಿಯೂ ನಡೆಯುತ್ತದೆ. ಆ್ಯಪುಗಳು ಹಾಗಲ್ಲ. ಬ್ರಿಟನ್ನಿನ ಒಂದೊಂದು ಸ್ಥಳೀಯ ಸಂಸ್ಥೆಯೂ ಸಾಮಾನ್ಯವಾಗಿ ಒಂದೊಂದು ಪಾವತಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಒಂದು ಊರಿನಲ್ಲಿ ರಿಂಗ್‌ಗೋ, ಪಕ್ಕದ ಊರಿನಲ್ಲಿ ಪೇಬೈಫೋನ್, ಮತ್ತೊಂದು ಕಡೆ ಜಸ್ಟ್‌ಪಾರ್ಕ್. ಮೂರು ಊರುಗಳಲ್ಲಿ ಕೆಲಸವಿರುವ ಮನುಷ್ಯನು ಮೂರು ಆ್ಯಪುಗಳನ್ನು ಇಳಿಸಿಕೊಂಡು, ಮೂರು ಬಾರಿ ಹೆಸರು ನೋಂದಾಯಿಸಿ, ಮೂರು ಗುಪ್ತಪದಗಳನ್ನು ನೆನಪಿಡಬೇಕಾಯಿತು. ಮಳೆಯಲ್ಲಿ ಫಲಕದ ಮುಂದೆ ನಿಂತು, ಫೋನಿಗೆ ಸಂಕೇತ ಸಿಗದೆ, ಹೊಸ ಆ್ಯಪು ಇಳಿಯುವುದನ್ನು ಕಾಯುತ್ತಿರುವ ವೃದ್ಧರೊಬ್ಬರನ್ನು ಊಹಿಸಿಕೊಳ್ಳಿ. ಅವರಲ್ಲಿ ಹಣವಿಲ್ಲದೆ ಇಲ್ಲ, ಕೊಡುವ ಮನಸ್ಸೂ ಇಲ್ಲದೆ ಇಲ್ಲ, ಆದರೂ ಕೊಡಲಾಗದು. ಕೊನೆಗೆ ಬರುವುದು ದಂಡದ ಚೀಟಿ.

ನಮ್ಮ ದೇಶದ ವಾಚಕರಿಗೆ ಈ ತೊಡಕಿನ ಪರಿಹಾರವೂ ಅಪರಿಚಿತವಲ್ಲ. 2016ರಲ್ಲಿ ಯುಪಿಐ ಬಂದಾಗಿನಿಂದ ಯಾವ ಬ್ಯಾಂಕಿನ ಗ್ರಾಹಕರಾದರೂ ತಮಗೆ ಬೇಕಾದ ಆ್ಯಪಿನ ಮೂಲಕ ಯಾವ ಅಂಗಡಿಯವರಿಗಾದರೂ ಹಣ ಕೊಡಬಲ್ಲರು. ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಫಾಸ್ಟ್ಯಾಗನ್ನು ಯಾವ ಬ್ಯಾಂಕು ಕೊಟ್ಟಿದೆಯೆಂದು ಯಾರೂ ಕೇಳುವುದಿಲ್ಲ. ಎರಡರಲ್ಲಿಯೂ ಇರುವ ಉಪಾಯ ಒಂದೇ: ಅನೇಕರ ನಡುವೆ ಎಲ್ಲರಿಗೂ ಸೇರಿದ ಒಂದು ಕೊಂಡಿ.

ಗುಣಾಕಾರದಿಂದ ಸಂಕಲನಕ್ಕೆ

ಈ ಕೊಂಡಿಯ ಮಹತ್ತ್ವವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ದೇಶದಲ್ಲಿ 10 ಪಾವತಿ ಸಂಸ್ಥೆಗಳೂ 100 ಪಾರ್ಕಿಂಗ್ ತಾಣಗಳ ಒಡೆಯರೂ ಇದ್ದಾರೆಂದು ಭಾವಿಸೋಣ. ಪ್ರತಿಯೊಂದು ಆ್ಯಪೂ ಪ್ರತಿಯೊಂದು ತಾಣದಲ್ಲಿ ನಡೆಯಬೇಕಾದರೆ, ಒಬ್ಬೊಬ್ಬರೂ ಮತ್ತೊಬ್ಬೊಬ್ಬರೊಡನೆ ಸಂಪರ್ಕ ಕಲ್ಪಿಸಿಕೊಳ್ಳಬೇಕು. ಆಗ ಬೇಕಾಗುವ ಸಂಪರ್ಕಗಳ ಸಂಖ್ಯೆ 10ನ್ನು 100ರಿಂದ ಗುಣಿಸಿದಷ್ಟು, ಎಂದರೆ 1,000. ನಡುವೆ ಒಂದು ಸಮಾನ ವೇದಿಕೆಯಿದ್ದು, ಪ್ರತಿಯೊಬ್ಬರೂ ಅದರೊಡನೆ ಮಾತ್ರ ಸಂಪರ್ಕವಿಟ್ಟುಕೊಂಡರೆ ಬೇಕಾಗುವುದು 10ಕ್ಕೆ 100ನ್ನು ಕೂಡಿಸಿದಷ್ಟು, ಎಂದರೆ 110. ಹನ್ನೊಂದನೆಯ ಸಂಸ್ಥೆಯೊಂದು ಹೊಸದಾಗಿ ಬಂದಿತೆನ್ನಿ. ಮೊದಲನೆಯ ಏರ್ಪಾಡಿನಲ್ಲಿ ಅದು ನೂರು ಬಾಗಿಲುಗಳನ್ನು ತಟ್ಟಬೇಕು. ಎರಡನೆಯದರಲ್ಲಿ ಒಂದೇ ಬಾಗಿಲು. ಗುಣಾಕಾರವನ್ನು ಸಂಕಲನವಾಗಿಸುವುದೇ ಸಮಾನ ವೇದಿಕೆಯ ಮರ್ಮ.

ಬ್ರಿಟನ್ನಿನ ಸಾರಿಗೆ ಇಲಾಖೆಯ ನೆರವಿನಿಂದ ಈ ವೇದಿಕೆಯ ಪ್ರಯೋಗವು ಮೊದಲು ಮ್ಯಾಂಚೆಸ್ಟರಿನಲ್ಲಿ ನಡೆಯಿತು. ಅನಂತರ ಆಕ್ಸ್‌ಫರ್ಡ್‌ಷೈರ್ ಮೊದಲಾದ ಕಡೆಗಳಿಗೆ ಹರಡಿತು. ಇದರ ನಡೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಚಾಲಕಿಯೊಬ್ಬರು ಗಾಡಿ ನಿಲ್ಲಿಸಿ, ತಮಗೆ ರೂಢಿಯಿರುವ ಆ್ಯಪಿನಲ್ಲಿ ಫಲಕದ ಮೇಲಿನ ಸಂಖ್ಯೆಯನ್ನು ಒತ್ತುತ್ತಾರೆ. ಆ್ಯಪು ವೇದಿಕೆಯನ್ನು ಕೇಳುತ್ತದೆ: ಈ ಸ್ಥಳದ ನಿಯಮವೇನು, ದರವೇನು? ಉತ್ತರ ಬಂದ ಮೇಲೆ ಚಾಲಕಿಯು ಎರಡು ಗಂಟೆಯ ಅವಧಿಯನ್ನು ಆರಿಸುತ್ತಾರೆ. ಗಾಡಿಯ ಸಂಖ್ಯೆ, ಸ್ಥಳ, ಆರಂಭಕಾಲ, ಮುಕ್ತಾಯಕಾಲ ಇವು ವೇದಿಕೆಯಲ್ಲಿ ದಾಖಲಾಗುತ್ತವೆ. ಸ್ವಲ್ಪ ಹೊತ್ತಿನ ಮೇಲೆ ತಪಾಸಣೆಯ ನೌಕರನು ಬಂದು ತನ್ನ ಕೈಯಂತ್ರದಲ್ಲಿ ಗಾಡಿಯ ಸಂಖ್ಯೆಯನ್ನು ಬರೆದು ಒಂದೇ ಪ್ರಶ್ನೆ ಕೇಳುತ್ತಾನೆ: ಈ ಗಾಡಿಗೆ ಇಲ್ಲಿ ನಿಲ್ಲುವ ಹಕ್ಕು ಈಗ ಇದೆಯೆ? ಹಣ ಯಾವ ಆ್ಯಪಿನಿಂದ ಬಂದಿತೆಂಬುದು ಅವನಿಗೆ ಬೇಕಿಲ್ಲ.

ಹೀಗೆ ವೇದಿಕೆಯು ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಅದು ಒಂದು ಹಕ್ಕಿನ ಹುಟ್ಟು, ಆಯುಷ್ಯ, ಮುಕ್ತಾಯಗಳನ್ನು ಬರೆದಿಡುವ ಲೆಕ್ಕದ ಪುಸ್ತಕ.

ಫಲಕದ ಮಾತು, ಗಣಕದ ಮಾತು

ಪುಸ್ತಕ ಒಂದಾದರೆ ಸಾಲದು, ಭಾಷೆಯೂ ಒಂದಾಗಬೇಕು. ಇದು ಕೇಳಲು ಸುಲಭ, ಮಾಡಲು ಕಷ್ಟ. ಬ್ರಿಟನ್ನಿನ ಬೀದಿಯ ಫಲಕಗಳಲ್ಲಿ ಇಂಥ ಬರಹವನ್ನು ಕಾಣಬಹುದು: ‘ಸೋಮವಾರದಿಂದ ಶನಿವಾರದ ವರೆಗೆ, ಬೆಳಿಗ್ಗೆ 8ರಿಂದ ಸಂಜೆ 6ರ ತನಕ, ಎರಡು ಗಂಟೆಗೆ ಮೀರದಂತೆ, ಒಂದು ಗಂಟೆಯೊಳಗೆ ಮರಳಿ ಬರಕೂಡದು.’ ಮನುಷ್ಯನು ಇದನ್ನು ಓದಿ ಅರ್ಥ ಮಾಡಿಕೊಳ್ಳುತ್ತಾನೆ. ಗಣಕಕ್ಕೆ ಇದು ಪ್ರಶ್ನೆಗಳ ರಾಶಿ. ಸಂಜೆ 5 ಗಂಟೆಗೆ ಬಂದವನು ಎರಡು ಗಂಟೆಯ ಹಣ ಕೊಡಬೇಕೆ, ಒಂದೇ ಗಂಟೆಯದೆ? ಶನಿವಾರ ಸರ್ಕಾರಿ ರಜೆಯಾದರೆ ಹೇಗೆ? ‘ಮರಳಿ ಬರಕೂಡದು’ ಎಂಬುದು ಆ ಒಂದು ಚೌಕಕ್ಕೋ, ಇಡೀ ಬೀದಿಗೋ? ಅಂಗವಿಕಲರ ಗಾಡಿಗೆ ಈ ನಿಯಮ ಅನ್ವಯಿಸುವುದೆ?

ಇಂಥ ನಿಯಮಗಳನ್ನು ಎಲ್ಲ ಗಣಕಗಳಿಗೂ ಒಂದೇ ರೀತಿಯಲ್ಲಿ ತಿಳಿಸುವುದಕ್ಕಾಗಿ 2018ರಲ್ಲಿ ಬ್ರಿಟನ್, ಯೂರೋಪು, ಅಮೆರಿಕಗಳ ಪಾರ್ಕಿಂಗ್ ಸಂಘಗಳು ಕೂಡಿ ಒಂದು ಒಕ್ಕೂಟವನ್ನು ಕಟ್ಟಿದುವು. ಸ್ಥಳ, ದರ, ಹಕ್ಕು, ಅವಧಿ, ಭರ್ತಿಯ ಪ್ರಮಾಣ ಎಂಬ ಪದಗಳಿಗೆ ಅದು ನಿಖರವಾದ ಅರ್ಥಗಳನ್ನು ಗೊತ್ತುಮಾಡಿತು. ಸೇರು, ಪಾವು, ಕೊಳಗಗಳು ಊರಿಗೊಂದು ತೆರನಾಗಿದ್ದ ಕಾಲದಲ್ಲಿ ಮೆಟ್ರಿಕ್ ಮಾನಗಳು ಬಂದು ಮಾಡಿದ ಉಪಕಾರವನ್ನು ಬಲ್ಲವರಿಗೆ ಈ ಕೆಲಸದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಸರ್ವಸಮ್ಮತವೆಂದು ನಾವು ನಂಬಿರುವ ಕಾಲವೂ ಇಲ್ಲಿ ಮೋಸ ಮಾಡಬಲ್ಲುದು. ಬ್ರಿಟನ್ನಿನಲ್ಲಿ ಬೇಸಗೆಯ ದಿನಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವರು; ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಅದನ್ನು ಹಿಂದಕ್ಕೆ ತಿರುಗಿಸಿ 1 ಗಂಟೆ ಮಾಡುವರು. ಆ ರಾತ್ರಿ 12 ಗಂಟೆ 30 ನಿಮಿಷಕ್ಕೆ ಒಬ್ಬನು ಎರಡು ಗಂಟೆಯ ಹಣ ಕಟ್ಟಿದನೆನ್ನಿ. ಗೋಡೆಯ ಗಡಿಯಾರವು 1 ಗಂಟೆ 45 ನಿಮಿಷವನ್ನು ಆ ರಾತ್ರಿ ಎರಡು ಸಲ ತೋರಿಸುವುದು. ಮೊದಲನೆಯ ಸಲ ಅವನು ಬಂದು ಕಳೆದಿರುವುದು ಒಂದೂಕಾಲು ಗಂಟೆ. ಅವನ ಹಕ್ಕು ಊರ್ಜಿತವಾಗಿದೆ. ಎರಡನೆಯ ಸಲ ಕಳೆದಿರುವುದು ಎರಡೂಕಾಲು ಗಂಟೆ, ಹಕ್ಕು ಮುಗಿದುಹೋಗಿದೆ. ಗಡಿಯಾರದ ಮುಖವನ್ನಷ್ಟೇ ಬರೆದಿಟ್ಟ ಪುಸ್ತಕದಿಂದ ಈ ಎರಡನ್ನೂ ಬೇರ್ಪಡಿಸಲಾಗದು. ಆದುದರಿಂದ ಇಂಥ ಲೆಕ್ಕವನ್ನು ಋತುವಿಗೆ ತಕ್ಕಂತೆ ಬದಲಾಗದ ವಿಶ್ವಕಾಲದಲ್ಲಿ ಬರೆದಿಟ್ಟು, ಜನರಿಗೆ ತೋರಿಸುವಾಗ ಮಾತ್ರ ಸ್ಥಳೀಯ ಕಾಲಕ್ಕೆ ಪರಿವರ್ತಿಸುವುದು ಸರಿಯಾದ ಕ್ರಮ.

ಜಾಗ ಖಾಲಿಯಿದೆಯೆ?

ಹಣ ಕೊಡುವುದು ಗಾಡಿ ನಿಲ್ಲಿಸಿದ ಮೇಲಿನ ಮಾತು. ಅದಕ್ಕಿಂತ ಮೊದಲು ಜಾಗ ಸಿಗಬೇಕು. ಎಲ್ಲಿ ಖಾಲಿಯಿದೆಯೆಂಬುದನ್ನು ವೇದಿಕೆಯು ಹೇಳಬಲ್ಲುದೆ? ಇಲ್ಲಿ ಭೌತವಿಜ್ಞಾನವು ನೆರವಿಗೆ ಬರುತ್ತದೆ.

ಭೂಮಿಯು ಒಂದು ದೊಡ್ಡ ಅಯಸ್ಕಾಂತವೆಂಬುದನ್ನು ಎಲ್ಲರೂ ಬಲ್ಲರು. ಅದರ ಕ್ಷೇತ್ರದ ತೀವ್ರತೆ ಬ್ರಿಟನ್ನಿನಲ್ಲಿ ಸುಮಾರು 50 ಮೈಕ್ರೊಟೆಸ್ಲ, ಬೆಂಗಳೂರಿನಲ್ಲಿ 40ರ ಆಸುಪಾಸು. ಕಾರಿನ ಉಕ್ಕಿನಲ್ಲಿ ಕಾಂತರೇಖೆಗಳು ಗಾಳಿಯಲ್ಲಿಗಿಂತ ಸುಲಭವಾಗಿ ಹಾಯುವುದರಿಂದ, ಕಾರು ಬಂದು ನಿಂತಾಗ ಸುತ್ತಣ ರೇಖೆಗಳು ಅದರತ್ತ ಬಾಗುತ್ತವೆ. ನೆಲದಲ್ಲಿ ಹುದುಗಿಸಿದ ಚಿಕ್ಕ ಕಾಂತಮಾಪಕವು ಈ ಬದಲಾವಣೆಯನ್ನು ಗುರುತಿಸಬಲ್ಲುದು. ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಸಾಮಾನ್ಯ ದಿಕ್ಸೂಚಿಯೊಂದನ್ನು ಅಂಗೈಯಲ್ಲಿ ಮಟ್ಟಸವಾಗಿ ಹಿಡಿದು ನಿಂತ ಕಾರಿನ ಪಕ್ಕದಲ್ಲಿ ಮೆಲ್ಲಗೆ ನಡೆಯಿರಿ. ಮುಳ್ಳು ಅಲ್ಲಲ್ಲಿ ಅತ್ತಿತ್ತ ತಿರುಗುವುದನ್ನು ಕಾಣುವಿರಿ. ಆದರೆ ಸಮೀಪದ ವಿದ್ಯುತ್ ತಂತಿಗಳೂ ಪಕ್ಕದ ಚೌಕದಲ್ಲಿ ನಿಂತ ಲಾರಿಯೂ ಈ ಮಾಪಕವನ್ನು ದಾರಿ ತಪ್ಪಿಸಬಲ್ಲುವು.

ಎರಡನೆಯ ಉಪಾಯ, ಬಾಗಿಲಲ್ಲಿ ನಿಂತು ಎಣಿಸುವುದು. ಬಂದ ಗಾಡಿಗಳಿಂದ ಹೋದ ಗಾಡಿಗಳನ್ನು ಕಳೆದರೆ ಒಳಗಿರುವ ಸಂಖ್ಯೆ ಸಿಗುತ್ತದೆ. ಇದು ಅಗ್ಗವಾದುದು, ಆದರೆ ಇದರ ತಪ್ಪು ಕೂಡುತ್ತ ಹೋಗುವ ಸ್ವಭಾವದ್ದು. 400 ಗಾಡಿಗಳು ಹಿಡಿಯುವ ಕಟ್ಟಡವೊಂದಿದೆಯೆನ್ನೋಣ. ದಿನಕ್ಕೆ 1,000 ಗಾಡಿಗಳು ಬಂದು ಹೋಗುತ್ತವೆ. ಹೊರಬಾಗಿಲ ಯಂತ್ರವು ನೂರಕ್ಕೆ ಒಂದು ಗಾಡಿಯನ್ನು ಮಾತ್ರ ಎಣಿಸಲು ತಪ್ಪುತ್ತದೆ. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅಂಕ ಪಡೆದ ಯಂತ್ರವಿದು! ಆದರೂ ದಿನಕ್ಕೆ 10 ಗಾಡಿಗಳು ಹೊರಗೆ ಹೋಗಿದ್ದರೂ ಲೆಕ್ಕದಲ್ಲಿ ಒಳಗೇ ಉಳಿಯುತ್ತವೆ. ನಲವತ್ತು ದಿನಗಳಾದ ಮೇಲೆ, ನಡುರಾತ್ರಿಯಲ್ಲಿ ಬರಿದಾಗಿರುವ ಕಟ್ಟಡದ ಮುಂದೆ ‘ಭರ್ತಿಯಾಗಿದೆ’ ಎಂಬ ಫಲಕ ಹೊಳೆಯುತ್ತಿರುವುದು. ಆದುದರಿಂದ ಆಗಾಗ ಯಾರಾದರೂ ಕಣ್ಣಿನಿಂದ ನೋಡಿ ಲೆಕ್ಕವನ್ನು ತಿದ್ದಬೇಕು. ಒಂದೊಂದು ಚೌಕಕ್ಕೂ ಒಂದೊಂದು ಮಾಪಕವಿದ್ದರೆ ಈ ದೋಷವಿಲ್ಲ. ಅದರ ಇಂದಿನ ತಪ್ಪು ನಾಳೆಯ ತಪ್ಪಿಗೆ ಸೇರುವುದಿಲ್ಲ.

ಮೂರನೆಯ ಉಪಾಯದಲ್ಲಿ ಮಾಪಕವೇ ಬೇಡ; ಪಾವತಿಯ ಲೆಕ್ಕವೇ ಮಾಪಕ. ಜಾನ್ ಲಿಟ್ಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಸಾಧಿಸಿಕೊಟ್ಟ ಒಂದು ಸರಳ ನಿಯಮವಿದೆ. ಗಂಟೆಗೆ ಸರಾಸರಿ ಎಷ್ಟು ಮಂದಿ ಬರುವರೋ ಅದನ್ನು ಒಬ್ಬೊಬ್ಬರು ಸರಾಸರಿ ಎಷ್ಟು ಗಂಟೆ ಉಳಿಯುವರೋ ಅದರಿಂದ ಗುಣಿಸಿದರೆ, ಒಳಗೆ ಸರಾಸರಿ ಎಷ್ಟು ಮಂದಿ ಇರುವರೆಂಬುದು ದೊರೆಯುತ್ತದೆ. ಗಂಟೆಗೆ 60 ಗಾಡಿಗಳು ಬಂದು, ಒಂದೊಂದೂ ಒಂದೂವರೆ ಗಂಟೆ ನಿಂತರೆ, ತುಂಬಿರುವ ಚೌಕಗಳು ಸರಾಸರಿ 90. ಬರುವಿಕೆ, ಅವಧಿ ಎರಡೂ ಪಾವತಿಯ ಪುಸ್ತಕದಲ್ಲಿಯೇ ಇರುತ್ತವೆ. ಎರಡು ಗಂಟೆಯ ಹಣ ಕಟ್ಟಿ ಬೇಗನೆ ಹೋದವರನ್ನೂ ಹಣ ಕೊಡದೆ ನಿಲ್ಲಿಸಿದವರನ್ನೂ ಲೆಕ್ಕಕ್ಕೆ ತಂದು ತಿದ್ದುಪಡಿ ಮಾಡಿದರಾಯಿತು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಅನುಭವವು ಇದಕ್ಕೆ ನಿದರ್ಶನ. 2011ರಿಂದ 2013ರ ವರೆಗೆ ಅಲ್ಲಿ ಬೀದಿಗಳಲ್ಲಿ ಸುಮಾರು 8,000 ಮಾಪಕಗಳನ್ನು ಹೂಳಿ, ಜಾಗದ ಭರ್ತಿಗೆ ತಕ್ಕಂತೆ ದರವನ್ನು ಏರಿಳಿಸುವ ಪ್ರಯೋಗ ನಡೆಸಿದರು. 2013ರ ಕೊನೆಯಲ್ಲಿ ಮಾಪಕಗಳನ್ನು ನಿಲ್ಲಿಸಿದರು. ಆದರೆ ದರಗಳ ಪರಿಷ್ಕರಣೆ ನಿಲ್ಲಲಿಲ್ಲ. ಮಾಪಕಗಳಿದ್ದ ಕಾಲದಲ್ಲಿ ಪಾವತಿಗೂ ಭರ್ತಿಗೂ ಇರುವ ಸಂಬಂಧವನ್ನು ಕಂಡುಕೊಂಡಿದ್ದುದರಿಂದ, ಮುಂದೆ ಪಾವತಿಯ ಲೆಕ್ಕದಿಂದಲೇ ಭರ್ತಿಯನ್ನು ಅಂದಾಜು ಮಾಡತೊಡಗಿದರು. ಬೆಲೆಬಾಳುವ ಯಂತ್ರಗಳಿಗಿಂತ ಚೆನ್ನಾಗಿ ಬರೆದ ಲೆಕ್ಕ ಹೆಚ್ಚು ಕಾಲ ಬಾಳಿತು.

ಹಳಸುವ ಸುದ್ದಿ

ಖಾಲಿ ಜಾಗದ ಸುದ್ದಿಯು ಹಾಲಿನಂತೆ ಬೇಗ ಕೆಡುವ ವಸ್ತು. ಪೇಟೆಯ ಬೀದಿಯಲ್ಲಿ ತೆರವಾದ ಜಾಗವು ಮತ್ತೆ ತುಂಬಲು ಸರಾಸರಿ 5 ನಿಮಿಷ ಹಿಡಿಯುವುದೆಂದು ಭಾವಿಸೋಣ. ಗಾಡಿಗಳ ಬರುವಿಕೆ ಯಾದೃಚ್ಛಿಕವಾಗಿದ್ದರೆ, ವಿಕಿರಣ ಧಾತುವಿನ ಪರಮಾಣುಗಳು ಕ್ಷಯಿಸುವ ನಿಯಮವೇ ಖಾಲಿ ಜಾಗಕ್ಕೂ ಅನ್ವಯಿಸುತ್ತದೆ. 5 ನಿಮಿಷದ ದೂರದಲ್ಲಿರುವ ಚಾಲಕನು ತಲುಪುವ ವೇಳೆಗೆ ಆ ಜಾಗವು ಹಾಗೆಯೇ ಉಳಿದಿರುವ ಸಂಭವ ನೂರಕ್ಕೆ 37. 15 ನಿಮಿಷದ ದೂರದಲ್ಲಿದ್ದರೆ ನೂರಕ್ಕೆ 5 ಮಾತ್ರ. ಒಂದೇ ಜಾಗವನ್ನು ತೋರಿಸಿ ಇಪ್ಪತ್ತು ಮಂದಿಯನ್ನು ಕರೆದರೆ ಹತ್ತೊಂಬತ್ತು ಮಂದಿ ನಿರಾಶರಾಗಿ ಅಲ್ಲಿಯೇ ಸುತ್ತುವರು. ಬೀದಿಯ ದಟ್ಟಣೆ ಮೊದಲಿಗಿಂತ ಹೆಚ್ಚುವುದು.

ಆದುದರಿಂದ ಒಂದು ಚೌಕದ ಸುದ್ದಿಗಿಂತ ಇಡೀ ಬೀದಿಯ ಸಂಭವನೀಯತೆಯನ್ನು ತಿಳಿಸುವುದು ಲೇಸು. ಬೀದಿಯಲ್ಲಿ 10 ಚೌಕಗಳಿದ್ದು, ಒಂದೊಂದೂ ನೂರಕ್ಕೆ 85 ಪಾಲು ಕಾಲ ತುಂಬಿರುವುದಾದರೆ, ಒಂದಾದರೂ ಖಾಲಿ ಸಿಗುವ ಸಂಭವ ನೂರಕ್ಕೆ 80. ಭರ್ತಿಯು 95ಕ್ಕೆ ಏರಿದರೆ ಆ ಸಂಭವ 40ಕ್ಕೆ ಕುಸಿಯುತ್ತದೆ. ಕೊನೆಯ ಹತ್ತು ಪಾಲು ಭರ್ತಿಯಲ್ಲಿ ಜನರ ಕಷ್ಟ ಒಮ್ಮೆಲೆ ಬೆಳೆಯುವುದನ್ನು ಗಮನಿಸಿ. ಬೀದಿಯ ಭರ್ತಿಯನ್ನು 85ರ ಸಮೀಪದಲ್ಲಿಡಬೇಕೆಂದು ನಗರಯೋಜಕರು ಹೇಳುವುದರ ಹಿಂದಿನ ಗಣಿತ ಇದೇ. ಒಂದೊಂದು ಆ್ಯಪಿನವರು ತಮ್ಮ ತಮ್ಮ ತುಣುಕು ಲೆಕ್ಕವನ್ನು ಬಚ್ಚಿಟ್ಟುಕೊಂಡಿದ್ದರೆ ಇಡೀ ಬೀದಿಯ ಈ ಸಂಖ್ಯೆ ಯಾರಿಗೂ ದೊರೆಯುವುದಿಲ್ಲ. ಪುಸ್ತಕ ಒಂದಾದಾಗಲೇ ಅದು ದೊರೆಯುವುದು.

ಪುಸ್ತಕ ಯಾರದು?

ಇಷ್ಟನ್ನು ಕೇಳಿದ ಮೇಲೆ, ಹಾಗಾದರೆ ಎಲ್ಲವನ್ನೂ ಒಂದೆಡೆ ಬರೆದಿಟ್ಟುಬಿಡೋಣ ಎಂದು ತೋರುವುದು ಸಹಜ. ಆದರೆ ಗಾಡಿಯ ಸಂಖ್ಯೆ, ಸ್ಥಳ, ಕಾಲ ಇವು ಮೂರು ಸೇರಿದರೆ ಅದು ಗಾಡಿಯ ಚರಿತ್ರೆಯಷ್ಟೇ ಅಲ್ಲ, ಮನುಷ್ಯನ ದಿನಚರಿ. ಅವನು ಯಾವ ವೈದ್ಯರ ಬಳಿಗೆ ಹೋದ, ಯಾವ ಗುಡಿಗೆ ಹೋದ, ಯಾವ ಸಭೆಗೆ ಹೋದ ಎಂಬುದೆಲ್ಲ ಅದರಿಂದ ಊಹಿಸಬಹುದು.

ಈ ಭಯವು ಕಲ್ಪನೆಯದಲ್ಲ. ನೆದರ್ಲೆಂಡ್ಸ್ ದೇಶದಲ್ಲಿ ವಾಹನ ನೋಂದಣಿ ಇಲಾಖೆಯೇ ರಾಷ್ಟ್ರೀಯ ಪಾರ್ಕಿಂಗ್ ದಾಖಲೆಯೊಂದನ್ನು ನಡೆಸುತ್ತಿದೆ. ಚಾಲಕರು ತಮಗೆ ಬೇಕಾದ ಪಾವತಿ ಸಂಸ್ಥೆಯನ್ನು ಆರಿಸಿಕೊಳ್ಳಬಲ್ಲರು. ಅದೇ ದೇಶದಲ್ಲಿ ತೆರಿಗೆ ಇಲಾಖೆಯು ಕಚೇರಿಯ ಕಾರನ್ನು ಸ್ವಂತ ಕೆಲಸಕ್ಕೆ ಬಳಸಿದವರನ್ನು ಹಿಡಿಯುವುದಕ್ಕಾಗಿ ಒಂದು ಪಾವತಿ ಸಂಸ್ಥೆಯಿಂದ ಅದರ ಗ್ರಾಹಕರ ಪಾರ್ಕಿಂಗ್ ವಿವರಗಳನ್ನು ಕೇಳಿತು. ಸಂಸ್ಥೆಯು ಒಪ್ಪದೆ ವ್ಯಾಜ್ಯ ನಡೆಯಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯವು ವಿವರಗಳನ್ನು ಒಪ್ಪಿಸಬೇಕೆಂದು ತೀರ್ಪಿತ್ತಿತು. ಗಾಡಿ ನಿಲ್ಲಿಸುವುದಕ್ಕೆಂದು ಕೊಟ್ಟ ಮಾಹಿತಿ ತೆರಿಗೆಯ ತನಿಖೆಗೆ ಸಾಧನವಾಯಿತು. ಒಮ್ಮೆ ಬರೆದಿಟ್ಟ ಲೆಕ್ಕಕ್ಕೆ ಬರೆದವರು ಎಣಿಸದ ಓದುಗರು ಹುಟ್ಟಿಕೊಳ್ಳುವರು ಎಂಬುದೇ ಇದರ ಪಾಠ. ದಂಡ, ತಕರಾರುಗಳ ಅವಧಿ ಮುಗಿದೊಡನೆ ಗಾಡಿಯ ಸಂಖ್ಯೆಯನ್ನು ಅಳಿಸಿ, ಎಷ್ಟು ಗಾಡಿ, ಎಷ್ಟು ಹೊತ್ತು ಎಂಬ ಮೊತ್ತವನ್ನಷ್ಟೇ ಉಳಿಸಿಕೊಳ್ಳುವುದು ಇದಕ್ಕೆ ತಕ್ಕ ಎಚ್ಚರಿಕೆ. ಬೀದಿಯ ಭರ್ತಿಯನ್ನು ಲೆಕ್ಕಹಾಕಲು ಗಾಡಿಯ ಹೆಸರು ಬೇಕಾಗಿಲ್ಲವೆಂಬುದನ್ನು ಮೇಲೆ ಕಂಡೆವಷ್ಟೆ.

ಬ್ರಿಟನ್ನಿನ ವೇದಿಕೆಯೂ ಈಗ ಒಂದು ಕವಲುದಾರಿಯನ್ನು ದಾಟಿದೆ. ಅದರ ಆಡಳಿತವನ್ನು ಪಾರ್ಕಿಂಗ್ ಉದ್ಯಮಕ್ಕೆ ಒಪ್ಪಿಸುವುದಾಗಿ ಸರ್ಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಎಂಬ ಸಂಘವು ಲಾಭದ ಉದ್ದೇಶವಿಲ್ಲದೆ ಅದನ್ನು ನಡೆಸಬೇಕೆಂಬುದು ಏರ್ಪಾಡು. ಆ ವೇಳೆಗೆ ಹತ್ತರಷ್ಟು ಸ್ಥಳೀಯ ಸಂಸ್ಥೆಗಳಲ್ಲಿ ತಿಂಗಳಿಗೆ ಐದು ಲಕ್ಷಕ್ಕೂ ಮಿಕ್ಕ ಪಾವತಿಗಳು ಅದರ ಮೂಲಕ ನಡೆಯುತ್ತಿದ್ದುವು. ತೆರಿಗೆದಾರರ ಮೇಲೆ ಹೊರೆಯಿಲ್ಲವೆಂಬುದು ಇದರ ಗುಣ. ತಾಣಗಳ ಒಡೆಯರೂ ಆ್ಯಪುಗಳ ಒಡೆಯರೂ ಇರುವ ಉದ್ಯಮವೇ ಎಲ್ಲರ ಪುಸ್ತಕವನ್ನು ಇಟ್ಟುಕೊಳ್ಳುವಾಗ, ಸಣ್ಣ ಸಂಸ್ಥೆಗೂ ಸಾಮಾನ್ಯ ಚಾಲಕನಿಗೂ ಸಮಾನ ಸ್ಥಾನ ದೊರೆಯುವುದೆ ಎಂಬುದನ್ನು ಮಾತ್ರ ಕಣ್ಣಿಟ್ಟು ನೋಡುತ್ತಿರಬೇಕು.

ವೇದಿಕೆಯಿಂದ ಪರಿಹಾರವಾಗದ ಕಷ್ಟಗಳೂ ಇವೆ. ಹತ್ತು ಆ್ಯಪುಗಳ ಬದಲು ಒಂದು ಸಾಕೆನ್ನುವುದು ಫೋನಿರುವವರ ಸೌಕರ್ಯ. ಫೋನಿಲ್ಲದವನಿಗೆ ಹತ್ತೂ ಒಂದೇ, ಒಂದೂ ಒಂದೇ. ಬ್ರಿಟನ್ನಿನ ಕೆಲವು ಊರುಗಳಲ್ಲಿ ನಾಣ್ಯ ಹಾಕುವ ಯಂತ್ರಗಳನ್ನು ಕಿತ್ತುಹಾಕಿದಾಗ ವೃದ್ಧರು ಗೊಣಗಿದ್ದು ಹಟದಿಂದಲ್ಲ. ಒಂದು ನಾಣ್ಯದ ಯಂತ್ರವೋ, ಹಣ ಪಡೆಯುವ ಒಂದು ಅಂಗಡಿಯೋ ಉಳಿದಿದ್ದರೆ, ಅದೂ ಇದೇ ಪುಸ್ತಕದಲ್ಲಿ ಒಂದು ಸಾಲನ್ನು ಬರೆಯಬಲ್ಲುದು. ಪುಸ್ತಕಕ್ಕೆ ಬೇಕಾಗಿರುವುದು ಹಕ್ಕಿನ ದಾಖಲೆ. ಅದು ಯಾವ ಬಾಗಿಲಿನಿಂದ ಬಂದರೂ ಒಂದೇ.

ಈಗ ಒಕ್ಲಹೋಮದ ಬಾವುಟಕ್ಕೆ ಹಿಂದಿರುಗೋಣ. ಹಳೆಯ ಮೀಟರು ಕೆಟ್ಟಿದ್ದರೆ ಅದು ಕೆಟ್ಟಿರುವುದು ಎಲ್ಲರಿಗೂ ಕಾಣುತ್ತಿತ್ತು. ದಂಡ ಹಾಕಲು ಬಂದವನಿಗೆ ಬೆರಳು ಮಾಡಿ ತೋರಿಸಬಹುದಾಗಿತ್ತು. ದೂರದ ಗಣಕದಲ್ಲಿರುವ ಪುಸ್ತಕ ಕೆಟ್ಟರೆ ಯಾರಿಗೂ ಕಾಣದು. ಗಾಡಿಯ ಸಂಖ್ಯೆಯಲ್ಲಿ ಸೊನ್ನೆಯ ಬದಲು ‘ಓ’ ಅಕ್ಷರ ಬಿದ್ದರೆ ಸಾಕು, ಹಣ ಕಟ್ಟಿದವನು ಕಟ್ಟದವನಾಗುವನು; ಅವನ ಮಾತಿಗೆ ಎದುರಾಗಿ ಯಂತ್ರದ ಮಾತು ನಿಲ್ಲುವುದು. ಆದುದರಿಂದ ಇಂಥ ವೇದಿಕೆಯನ್ನು ಕಟ್ಟುವವರು, ಇಂದು ಬ್ರಿಟನ್ನಿನಲ್ಲಾಗಲಿ, ಗಾಜಿನ ಒರಸುಕಡ್ಡಿಗೆ ಚೀಟಿ ಸಿಕ್ಕಿಸುವ ನಮ್ಮ ಊರುಗಳಲ್ಲಿ ಮುಂದೆಂದಾದರೂ ಆಗಲಿ, ಅದರ ವೇಗವನ್ನಷ್ಟೇ ನೋಡಬಾರದು. ನಿಯಮವೇನು, ನನ್ನ ಹೆಸರಿನಲ್ಲಿ ಬರೆದಿರುವುದೇನು, ತಪ್ಪಿದ್ದರೆ ತಿದ್ದುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಸಾಮಾನ್ಯ ಮನುಷ್ಯನು ಅಲ್ಲಿಯೇ ನಿಂತು ಉತ್ತರ ಪಡೆಯುವಂತಿರಬೇಕು.

ಸಾಕ್ಷಿಯು ಕಂಬದಿಂದ ಇಳಿದು ಗಣಕದೊಳಗೆ ಹೋಗಿದೆ. ಅದು ಅಲ್ಲಿಯೂ ಎಲ್ಲರ ಕಣ್ಣಿಗೆ ಕಾಣುವ ಸಾಕ್ಷಿಯಾಗಿ ಉಳಿದರೆ ಮಾತ್ರ ಆ ಪುಸ್ತಕಕ್ಕೆ ಸಾರ್ವಜನಿಕವೆಂಬ ಹೆಸರು ಸಲ್ಲುವುದು.